ಬೌದ್ಧ ಧರ್ಮ ಕಲಿಯಲು ಎಲ್ಲಿಂದ ಶುರು ಮಾಡಲಿ? ಮನೆ, ಸಂಸಾರದ ನಡುವೆಯೇ ಸಾಧ್ಯವಾ?

ದಾವಣಗೆರೆ ಓದುಗಿ

ಎಲ್ಲರಿಗೂ ನಮಸ್ಕಾರ. ಬುದ್ಧನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಹೈಸ್ಕೂಲಿನ ಸಮಾಜ ವಿಜ್ಞಾನದ್ದು. ಲುಂಬಿನಿಯಲ್ಲಿ ಹುಟ್ಟು, ಬೋಧಗಯೆಯಲ್ಲಿ ಜ್ಞಾನೋದಯ, ಸಾರನಾಥದಲ್ಲಿ ಮೊದಲ ಉಪದೇಶ, ಎಂಬತ್ತನೇ ವಯಸ್ಸಿಗೆ ಕುಶಿನಗರದಲ್ಲಿ ಪರಿನಿರ್ವಾಣ. ನಾಲ್ಕು ಆರ್ಯಸತ್ಯ, ಅಷ್ಟಾಂಗ ಮಾರ್ಗ ಈಗಲೂ ಬಾಯಿಪಾಠ ಬರುತ್ತದೆ. ಆದರೆ ಅದನ್ನು ಇಟ್ಟುಕೊಂಡು ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ.

ಮೊಬೈಲಿನಲ್ಲಿ ಹುಡುಕಿದರೆ ಒಬ್ಬರು ಹತ್ತು ದಿನದ ಶಿಬಿರಕ್ಕೆ ಹೋಗಿ ಅನ್ನುತ್ತಾರೆ, ಇನ್ನೊಬ್ಬರು ಶೂನ್ಯತೆಯಿಂದ ಶುರು ಮಾಡುತ್ತಾರೆ, ಮತ್ತೊಬ್ಬರು ತಾರಾ ಮಂತ್ರ ಕೊಡುತ್ತಾರೆ. ಬೈಲಕುಪ್ಪೆಗೆ ಪ್ರವಾಸ ಹೋದಾಗ ಚಿನ್ನದ ಬಣ್ಣದ ಮೂರು ದೊಡ್ಡ ಮೂರ್ತಿ ನೋಡಿದೆ. ನಡುವಿನದು ಬುದ್ಧ ಅಂತ ಗೊತ್ತಾಯಿತು, ಉಳಿದೆರಡು ಯಾರು ಅಂತ ತಿಳಿಯಲಿಲ್ಲ. ಇವೆಲ್ಲ ಒಂದೇ ಧರ್ಮವಾ?

ನಮ್ಮದು ದೇವರು ದಿಂಡರು ಇರುವ ಮನೆ. ಶುಕ್ರವಾರದ ಪೂಜೆ ನನ್ನ ಪಾಲಿನದು, ವರ್ಷಕ್ಕೊಮ್ಮೆ ಉಚ್ಚಂಗಿದುರ್ಗಕ್ಕೆ ಹೋಗಿಬರುತ್ತೇವೆ. ಕೈಯಲ್ಲಿ ಬುದ್ಧನ ಪುಸ್ತಕ ಕಂಡರೆ ಸಾಕು, ಸೊಸೆ ಎಲ್ಲಿ ಸಂಸಾರ ಬಿಟ್ಟು ಹೊರಟುಬಿಡುತ್ತಾಳೋ ಅಂತ ಅತ್ತೆಯವರಿಗೆ ದಿಗಿಲು. ಕಲಿಯಬೇಕಾದರೆ ಇದನ್ನೆಲ್ಲ ಬಿಡಬೇಕಾ? ತಿಳಿದವರು ದಯವಿಟ್ಟು ಹೇಳಿ.

ಪಾಲಿ ಓದು, ಮೈಸೂರು

ಮೇಡಂ, ನೀವು ಬಾಯಿಪಾಠ ಮಾಡಿದ ಅದೇ ನಾಲ್ಕರಿಂದಲೇ ಶುರು ಮಾಡಿ. ಶಾಲೆಯ ಪುಸ್ತಕ ಅದನ್ನು ಅರ್ಧಕ್ಕೇ ನಿಲ್ಲಿಸಿದೆ, ಅಷ್ಟೇ.

ಸಾರನಾಥದಲ್ಲಿ ಐವರು ಹಳೆಯ ಜೊತೆಗಾರರಿಗೆ ಬುದ್ಧ ಹೇಳಿದ್ದು ಧಮ್ಮಚಕ್ಕಪ್ಪವತ್ತನ ಸುತ್ತ (ಪಾಲಿಯಲ್ಲಿ ಸುತ್ತ ಅಂದರೆ ಉಪದೇಶ, ಸಂಸ್ಕೃತದ ಸೂತ್ರ). ಅದರಲ್ಲಿ ಒಂದೊಂದು ಸತ್ಯಕ್ಕೂ ಒಂದೊಂದು ಕೆಲಸವಿದೆ. ದುಃಖವನ್ನು ಪೂರ್ತಿ ಅರಿಯಬೇಕು. ಅದನ್ನು ಹುಟ್ಟಿಸುವ ತೃಷ್ಣೆಯನ್ನು ಬಿಡಬೇಕು. ಅದು ನಿಲ್ಲುವುದನ್ನು ಸ್ವತಃ ಕಾಣಬೇಕು. ಮಾರ್ಗವನ್ನು ಬೆಳೆಸಿಕೊಳ್ಳಬೇಕು. ಸತ್ಯ ಇದು, ಅದರ ಕೆಲಸ ಇದು, ಆ ಕೆಲಸ ಮುಗಿಯಿತು ಅಂತ ಮೂರು ಸುತ್ತು, ನಾಲ್ಕು ಸತ್ಯಕ್ಕೆ ಹನ್ನೆರಡು. ಈ ಹನ್ನೆರಡೂ ತಿಳಿಯಾಗುವ ತನಕ ನನಗೆ ಸಂಬೋಧಿ, ಅಂದರೆ ಪೂರ್ಣ ಜ್ಞಾನೋದಯ, ಆಯಿತೆಂದು ಹೇಳಿಕೊಳ್ಳಲಿಲ್ಲ ಅನ್ನುತ್ತಾನೆ ಬುದ್ಧ. ನಮ್ಮ ಪಠ್ಯದಲ್ಲಿ ಇರುವುದು ಮೊದಲ ಸುತ್ತು ಮಾತ್ರ.

ನಾವು ಮಾಡುವುದು ಇದರ ತಿರುಗಾಮುರುಗಾ. ದುಃಖವನ್ನು ಓಡಿಸಲು ನೋಡುತ್ತೇವೆ, ತೃಷ್ಣೆಯನ್ನು ಸಾಕುತ್ತೇವೆ. ನಾದಿನಿಯ ಮನೆ ಗೃಹಪ್ರವೇಶ ಮುಗಿಸಿ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೀರಿ ಅನ್ನಿ. ಊಟ ಚೆನ್ನಾಗಿತ್ತು, ಎಲ್ಲರೂ ಚೆನ್ನಾಗಿಯೇ ಮಾತಾಡಿಸಿದರು. ಆದರೂ ಎದೆಯಲ್ಲಿ ಏನೋ ಬಿಗಿತ. ಅದನ್ನು ಮುಚ್ಚಲು ಕೈ ಮೊಬೈಲಿಗೆ ಹೋಗುತ್ತದೆ, ಇಲ್ಲವೇ ಗಂಡನ ಹತ್ತಿರ ಅವರು ಹಾಕಿಸಿದ ಗ್ರಾನೈಟಿನ ಬಣ್ಣದ ಬಗ್ಗೆ ಕೊಂಕು ಶುರುವಾಗುತ್ತದೆ. ಮೊದಲ ಸತ್ಯದ ಕೆಲಸ ಏನೆಂದರೆ, ಆ ಬಿಗಿತವನ್ನು ಮುಚ್ಚದೆ ನೋಡುವುದು. ಎಲ್ಲಿದೆ, ಹೇಗೆ ಏರುತ್ತಿದೆ, ಹೇಗೆ ಇಳಿಯುತ್ತಿದೆ. ಸ್ವಲ್ಪ ಹೊತ್ತು ನೋಡಿದರೆ ಅದರ ಬುಡದಲ್ಲಿ "ನನಗೂ ಇರಬೇಕಿತ್ತು" ಅನ್ನುವುದು ಕಾಣುತ್ತದೆ. ಬಿಡಬೇಕಾದ್ದು ಅದು. ಅದು ಒಂದು ಗಳಿಗೆ ಸಡಿಲವಾದರೂ ಎದೆ ಹಗುರಾಗುತ್ತದೆ. ಆ ಹಗುರವನ್ನೂ ಗಮನಿಸಿ, ಮೂರನೆಯ ಸತ್ಯದ ಸಣ್ಣ ರುಚಿ ಅಲ್ಲೇ ಇದೆ.

ಇದನ್ನು ಬಿಟ್ಟು ನಿರ್ವಾಣ ಎಂದರೇನು, ಆತ್ಮ ಇದೆಯೋ ಇಲ್ಲವೋ ಅಂತ ಶುರು ಮಾಡಿದವರು ಸುಸ್ತಾಗಿ ಪುಸ್ತಕ ಮುಚ್ಚಿಡುವುದನ್ನು ಬೇಕಾದಷ್ಟು ನೋಡಿದ್ದೇನೆ.

ಭೀಮಾತೀರ, ಕಲಬುರಗಿ

ಮೈಸೂರು ಸರ್ ಹೇಳಿದ್ದು ಛಲೋ ಅದ. ಆದ್ರ ಒಂದು ಮಾತು ಸೇರಿಸಲೇಬೇಕು. ನಮ್ಮ ಓಣ್ಯಾಗ ಬುದ್ಧ ಪುಸ್ತಕದಿಂದ ಬಂದಿಲ್ಲ, ಬಾಬಾಸಾಹೇಬರ ಕೈಹಿಡಕೊಂಡು ಬಂದಾನ. 1956ರ ಅಕ್ಟೋಬರ್ 14ಕ್ಕ ನಾಗಪುರದಾಗ ಅವರು ಭಿಕ್ಕು ಚಂದ್ರಮಣಿ ಅವರಿಂದ ತ್ರಿಶರಣ (ಬುದ್ಧ, ಧಮ್ಮ, ಸಂಘಕ್ಕ ಶರಣು ಅನ್ನೋದು), ಪಂಚಶೀಲ ತಗೊಂಡ್ರು. ಆಮ್ಯಾಲ ನೆರೆದಿದ್ದ ಲಕ್ಷಾಂತರ ಮಂದಿಗೆ ತಾವೇ ದೀಕ್ಷಾ ಕೊಟ್ಟು 22 ಪ್ರತಿಜ್ಞಾ ಹೇಳಿಸಿದ್ರು. ಎರಡು ತಿಂಗಳೂ ಆಗಿರಲಿಲ್ಲ, ಡಿಸೆಂಬರ್ 6ಕ್ಕ ತೀರಿಕೊಂಡ್ರು.

ಆ ನಾಲ್ಕು ಸತ್ಯಾನೇ ಬಾಬಾಸಾಹೇಬರು ಪ್ರಶ್ನೆ ಮಾಡ್ಯಾರ. ಬದುಕೂ ದುಃಖ, ಸಾವೂ ದುಃಖ, ಮರುಹುಟ್ಟೂ ದುಃಖ ಅಂದ್ರ ಮನುಷ್ಯಾಗ ಭರವಸೆ ಎಲ್ಲಿಂದ ಬರಬೇಕು ಅಂತ. ಮುದುಕ, ರೋಗಿ, ಹೆಣ ನೋಡಿ ಮನಿ ಬಿಟ್ಟ ಅನ್ನೋ ಕಥಿನೂ ಅವರು ಒಪ್ಪಲಿಲ್ಲ. 29 ವರ್ಷದ ಮನುಷ್ಯಾ ಅಲ್ಲಿತನಕ ಒಂದು ಸಾವೂ ನೋಡಿರಲಿಲ್ಲೇನು? ರೋಹಿಣಿ ನದಿ ನೀರಿಗಾಗಿ ಶಾಕ್ಯರು, ಕೋಲಿಯರು ಯುದ್ಧಕ್ಕ ನಿಂತಾಗ ಅದಕ್ಕ ಒಪ್ಪಲಾರದೇ ಸಿದ್ಧಾರ್ಥ ಹೊರಬಿದ್ದ ಅಂತ ಅವರು ಬರೀತಾರ. ಧಮ್ಮ ಅಂದ್ರ ಮನುಷ್ಯ ಮನುಷ್ಯನ ಜೋಡಿ ಹ್ಯಾಂಗ ಇರಬೇಕು ಅನ್ನೋದು. ಒಬ್ಬನೇ ಕಣ್ಣು ಮುಚ್ಚಿ ಕುಂತ್ರ ಮುಗೀಲಿಲ್ಲ. ಅಕ್ಕಾರ, ನೀವು ಮೊದಲು ಪಂಚಶೀಲ ಹಿಡೀರಿ. ಅದರಾಗ ಅಕ್ಕಪಕ್ಕದ ಮಂದಿ ಎಲ್ಲಾರೂ ಬರ್ತಾರ.

ಆಮ್ಯಾಲ ಒಂದ್ಸಲ ನಮ್ಮ ಕಡಿ ಬರ್ರಿ. ಚಿತಾಪುರ ತಾಲೂಕಿನ ಸನ್ನತಿ ಹತ್ರ ಕನಗನಹಳ್ಳಿ ಸ್ತೂಪದ ಕಲ್ಲುಗಳು ಅದಾವ. ರಾಜ, ರಾಣಿ, ಸೇವಕರ ಉಬ್ಬುಚಿತ್ರ, ಅದರ ಮ್ಯಾಲ ಬ್ರಾಹ್ಮಿ ಲಿಪಿಯಾಗ "ರಾಯೋ ಅಸೋಕೋ" ಅಂತ ಬರದದ. ಸನ್ನತಿಯ ಚಂದ್ರಲಾಂಬಾ ಗುಡಿ ಆವರಣದಾಗ 1986ಕ್ಕ ಕಾಳಿ ಗುಡಿ ಚಾವಣಿ ಕುಸಿದಾಗ, ದೇವಿ ಪೀಠಕ್ಕ ಹಾಕಿದ್ದ ಕಲ್ಲಿನ್ಯಾಗ ಅಶೋಕನ ಶಾಸನ ಸಿಕ್ತು. ಬೌದ್ಧ ಧರ್ಮ ಹೊರಗಿಂದ ಬಂದದ್ದು ಅನ್ನೋರಿಗೆ ನಾ ಅದನ್ನೇ ತೋರಸ್ತೀನಿ.

ದಾವಣಗೆರೆ ಓದುಗಿ

ಇಬ್ಬರಿಗೂ ಧನ್ಯವಾದ. ಬಸ್ಸಿನ ಉದಾಹರಣೆ ನೇರವಾಗಿ ತಾಗಿತು ಸರ್. ಭೀಮಾತೀರ ಅಣ್ಣ, ಪಂಚಶೀಲ ಅಂದರೆ ಕೊಲ್ಲಬಾರದು, ಕದಿಯಬಾರದು, ವ್ಯಭಿಚಾರ, ಸುಳ್ಳು, ಮದ್ಯ ಬೇಡ ಅಂತ ತಾನೆ? ಇದು ಎಲ್ಲ ಧರ್ಮದಲ್ಲೂ ಇದೆಯಲ್ಲ, ಇಲ್ಲಿ ಏನು ವಿಶೇಷ? ಮತ್ತೆ 22 ಪ್ರತಿಜ್ಞೆಯಲ್ಲಿ ದೇವರ ಪೂಜೆ ಮಾಡುವುದಿಲ್ಲ ಅಂತ ಇದೆ ಅಂತ ಕೇಳಿದ್ದೇನೆ. ಹಾಗಾದರೆ ನನ್ನಂಥವಳ ಗತಿ?

ಭೀಮಾತೀರ, ಕಲಬುರಗಿ

ಹೌದ್ರಿ ಅಕ್ಕಾರ. ಬ್ರಹ್ಮ, ವಿಷ್ಣು, ಮಹೇಶ್ವರರನ್ನ ದೇವರಂತ ಪೂಜಿಸಂಗಿಲ್ಲ ಅನ್ನೋದೇ ಮೊದಲನೇ ಪ್ರತಿಜ್ಞಾ. ಯಾವ ಗುಡಿ ನಮ್ಮನ್ನ ಒಳಗ ಬಿಟ್ಟಿರಲಿಲ್ಲೋ ಅದನ್ನ ನಾವೇ ಬಿಟ್ಟು ಹೊರಬಂದ ದಿವಸದ ಮಾತು ಅದು. ದೀಕ್ಷಾ ತಗೊಂಡವರಿಗೆ ಅದು ಪ್ರಾಣ. ಆದ್ರ ಓದಾಕ, ತಿಳಕೊಳ್ಳಾಕ ಯಾರಿಗೂ ದೀಕ್ಷಾ ಬೇಕಾಗಿಲ್ಲ. ನೀವು ಓದ್ರಿ. ಮುಂದಿಂದು ನಿಮಗೇ ತಿಳೀತದ.

ಪಾಲಿ ಓದು, ಮೈಸೂರು

ಭೀಮಾತೀರ ಅವರ ಮಾತು ನ್ಯಾಯವಾದದ್ದು. ಅಂಬೇಡ್ಕರರ ಪ್ರಶ್ನೆಗಳನ್ನು ಬದಿಗೆ ಸರಿಸಿ ಭಾರತದಲ್ಲಿ ಇವತ್ತು ಬೌದ್ಧ ಧರ್ಮ ಕಲಿಯುವುದು ಅಂತ ಆಗುವುದಿಲ್ಲ. ನಾಲ್ಕು ಸತ್ಯದ ವಿಷಯದಲ್ಲಿ ನಾನು ಹಳೆಯ ಸುತ್ತಗಳ ಕಡೆ ನಿಲ್ಲುತ್ತೇನೆ. ಮೂರನೆಯ ಸತ್ಯ ಇರುವುದೇ ಭರವಸೆಗೆ ಅಂತ ನನ್ನ ತಿಳಿವಳಿಕೆ. ಮೊದಲು ಶೀಲ ಅನ್ನುವುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಭೇದ ಇಲ್ಲ.

ಮೇಡಂ, ವಿಶೇಷ ಏನು ಅಂದಿರಿ. ಪಂಚಶೀಲವನ್ನು ಯಾರೋ ಮೇಲಿನಿಂದ ವಿಧಿಸಿದ್ದಲ್ಲ. "ಈ ಶಿಕ್ಷಣವನ್ನು ನಾನು ಕೈಗೊಳ್ಳುತ್ತೇನೆ" ಅಂತ ನಾವೇ ತೆಗೆದುಕೊಳ್ಳುವುದು. ತಪ್ಪಿದರೆ ಶಾಪ ಕೊಡುವವರಿಲ್ಲ, ಮತ್ತೆ ಹಿಡಿಯುವುದು. ನಾಲ್ಕನೆಯದನ್ನೇ ತೆಗೆದುಕೊಳ್ಳಿ. ಅಷ್ಟಾಂಗ ಮಾರ್ಗದಲ್ಲಿ ಸಮ್ಯಕ್ ವಾಕ್, ಸರಿಯಾದ ಮಾತು, ಅಂದರೆ ಸುಳ್ಳು ಮಾತ್ರವಲ್ಲ, ಚಾಡಿ, ಒರಟು ಮಾತು, ಕಾಡುಹರಟೆ, ಈ ನಾಲ್ಕನ್ನೂ ಬಿಡಬೇಕು. ಒಂದು ವಾರ ಚಾಡಿ ಒಂದನ್ನು ಬಿಟ್ಟು ನೋಡಿ, ಮನಸ್ಸು ಎಷ್ಟು ಹೊತ್ತು ಅದರಲ್ಲೇ ಕಳೆಯುತ್ತಿತ್ತು ಅಂತ ತಿಳಿಯುತ್ತದೆ.

ಇನ್ನು ಮನೆಯ ವಿಷಯ. ಬುದ್ಧನ ಉಪದೇಶಗಳ ಪಾಲಿ ಸಂಗ್ರಹಗಳಿಗೆ ನಿಕಾಯ ಅನ್ನುತ್ತಾರೆ. ಅವುಗಳಲ್ಲಿ ಒಂದಾದ ದೀಘ ನಿಕಾಯದಲ್ಲಿ ಸಿಗಾಲೋವಾದ ಸುತ್ತ ಇದೆ. ಸಿಗಾಲ ಅನ್ನುವ ಯುವಕ ರಾಜಗೃಹದ ಹೊರಗೆ ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ನಿಂತು ಆರು ದಿಕ್ಕಿಗೆ ಕೈಮುಗಿಯುತ್ತಿರುತ್ತಾನೆ. ಯಾಕಪ್ಪಾ ಅಂದರೆ, ಸಾಯುವಾಗ ಅಪ್ಪ ಹೇಳಿ ಹೋದರು ಅನ್ನುತ್ತಾನೆ. ಬುದ್ಧ ಬಿಡು ಅನ್ನುವುದಿಲ್ಲ. ದಿಕ್ಕುಗಳಿಗೆ ಹೀಗೆ ನಮಸ್ಕಾರ ಮಾಡು ಅನ್ನುತ್ತಾನೆ: ಪೂರ್ವ ಅಂದರೆ ತಂದೆತಾಯಿ, ದಕ್ಷಿಣ ಗುರುಗಳು, ಪಶ್ಚಿಮ ಹೆಂಡತಿ ಮಕ್ಕಳು, ಉತ್ತರ ಸ್ನೇಹಿತರು, ಕೆಳಗೆ ಆಳುಕಾಳು, ಮೇಲೆ ಶ್ರಮಣ ಬ್ರಾಹ್ಮಣರು. ಆಳುಗಳಿಗೆ ಯಜಮಾನ ಮಾಡಬೇಕಾದ್ದು ಐದು: ಶಕ್ತಿಗೆ ತಕ್ಕ ಕೆಲಸ ಕೊಡಬೇಕು, ಊಟ ಮತ್ತು ಕೂಲಿ ಕೊಡಬೇಕು, ಕಾಯಿಲೆಯಾದರೆ ನೋಡಿಕೊಳ್ಳಬೇಕು, ವಿಶೇಷ ಅಡಿಗೆ ಮಾಡಿದರೆ ಅವರಿಗೂ ಹಂಚಬೇಕು, ಸಮಯಕ್ಕೆ ಬಿಡುವು ಕೊಡಬೇಕು. ಇದನ್ನು ನಿಮ್ಮ ಅತ್ತೆಯವರಿಗೆ ಓದಿ ಹೇಳಿ. ಸಂಸಾರ ಬಿಡಿಸುವ ಮಾತು ಅದರಲ್ಲಿ ಒಂದೂ ಇಲ್ಲ.

ಉಪಾಲಿ ಅನ್ನುವ ಗೃಹಸ್ಥನ ಕಥೆಯೂ ನಿಮಗೆ ಬೇಕಾದದ್ದೇ. ಆತ ನಿಗಂಠರ, ಅಂದರೆ ಜೈನ ಮುನಿಗಳ ದೊಡ್ಡ ಶಿಷ್ಯ. ಬುದ್ಧನ ಜೊತೆ ವಾದಕ್ಕೆ ಬಂದವನು ಮನಸೋತು ನಿಮ್ಮ ಉಪಾಸಕ, ಅಂದರೆ ಗೃಹಸ್ಥ ಶಿಷ್ಯ, ಆಗುತ್ತೇನೆ ಅಂದ. ನಿನ್ನಂಥ ಹೆಸರಾಂತ ಮನುಷ್ಯ ಚೆನ್ನಾಗಿ ವಿಚಾರ ಮಾಡಿ ಹೆಜ್ಜೆ ಇಡಬೇಕು ಅಂದ ಬುದ್ಧ. ಒಪ್ಪಿಕೊಂಡ ಮೇಲೂ, ನಿನ್ನ ಮನೆ ಇಷ್ಟು ಕಾಲ ನಿಗಂಠರಿಗೆ ಆಸರೆಯಾಗಿತ್ತು, ಅವರು ಬಂದರೆ ಭಿಕ್ಷೆ ನಿಲ್ಲಿಸಬೇಡ ಅಂದ. ಅವಸರ ಮಾಡಿಸುವ ಗುರು ಅಲ್ಲ ಆತ.

ದುರ್ಗದ ಮಗ

ಮೇಡಂ, ನೀವು ನಮ್ಮ ಪಕ್ಕದ ಜಿಲ್ಲೆಯವರು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಒಮ್ಮೆ ಹೋಗಿಬನ್ನಿ. ಅಲ್ಲಿನ ಅಶೋಕನ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದರು. ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲೂ ಇದೇ ಶಾಸನ ಇದೆ.

ಅದರಲ್ಲಿ ಅಶೋಕ ಏನು ಹೇಳಿಕೊಂಡಿದ್ದಾನೆ ಗೊತ್ತಾ? ನಾನು ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಆದರೆ ಒಂದು ವರ್ಷ ಹೆಚ್ಚು ಶ್ರಮಪಡಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಈ ಒಂದು ವರ್ಷಕ್ಕೂ ಮಿಕ್ಕಿ ಚೆನ್ನಾಗಿ ಶ್ರಮಪಟ್ಟೆ ಅಂತ. ಚಕ್ರವರ್ತಿಯೊಬ್ಬ ಇದನ್ನು ಬಂಡೆಯ ಮೇಲೆ ಕೊರೆಸಿದ್ದಾನೆ! ಈ ಶ್ರಮದ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಶ್ರಮಪಟ್ಟರೆ ಚಿಕ್ಕವರಿಗೂ ಸಿಗುತ್ತದೆ ಅಂತಲೂ ಇದೆ. ಕೊನೆಗೆ ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಅಂತ. ಹೊಸಬರಿಗೆ ಇದಕ್ಕಿಂತ ಹತ್ತಿರದ ಪಾಠ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ಶಾಲೆಯಿಂದ ಮಕ್ಕಳನ್ನು ಕರೆದುಕೊಂಡು ಹೋಗುವವರು ಬಂಡೆ ತೋರಿಸಿ ಬರುತ್ತಾರೆ, ಏನು ಬರೆದಿದೆ ಅಂತ ಓದಿ ಹೇಳುವುದಿಲ್ಲ ಅನ್ನುವುದೇ ನನ್ನ ಹೊಟ್ಟೆಯುರಿ.

ಮೌನದ ದಾರಿ, ಬೆಂಗಳೂರು

ಶಿಬಿರದ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ಸತ್ಯನಾರಾಯಣ ಗೋಯೆಂಕಾ ಅವರು ಬರ್ಮಾದಲ್ಲಿ ಸಯಾಜಿ ಊ ಬಾ ಖಿನ್ ಅವರಿಂದ ಕಲಿತು 1969ರಲ್ಲಿ ಭಾರತಕ್ಕೆ ತಂದ ವಿಪಶ್ಯನ ಧ್ಯಾನ ಪದ್ಧತಿ ಇದು. ಬೆಂಗಳೂರಿನ ಹೊರವಲಯದಲ್ಲಿ ಧಮ್ಮ ಪಫುಲ್ಲ ಕೇಂದ್ರ ಇದೆ. ಹತ್ತು ದಿನಕ್ಕೆ ಶುಲ್ಕ ಇಲ್ಲ, ಹಿಂದೆ ಕಲಿತವರ ದಾನದಿಂದ ನಡೆಯುತ್ತದೆ. ಬೆಳಗ್ಗೆ ನಾಲ್ಕಕ್ಕೆ ಗಂಟೆ. ಮೊಬೈಲ್, ಪುಸ್ತಕ, ಮಾತು ಇಲ್ಲ. ಮೊದಲ ಮೂರೂವರೆ ದಿನ ಮೂಗಿನ ಹತ್ತಿರದ ಉಸಿರು ಒಂದನ್ನೇ ಗಮನಿಸುವುದು, ಆಮೇಲೆ ಮೈಮೇಲಿನ ಸಂವೇದನೆಗಳು. ಸಂಜೆ ಹೊಸಬರಿಗೆ ಹಣ್ಣು, ಟೀ, ಅಷ್ಟೇ.

ನನಗೆ ಅದರಿಂದ ತುಂಬಾ ಒಳ್ಳೆಯದಾಗಿದೆ. ಆದರೂ ಹೊಸಬರಿಗೆ ಮೊದಲ ಹೆಜ್ಜೆಯಾಗಿ ನಾನು ಅದನ್ನು ಹೇಳುವುದಿಲ್ಲ. ಮನೆಯಲ್ಲಿ ದಿನಾ ಹತ್ತು ನಿಮಿಷ ಕೂತು ಅಭ್ಯಾಸ ಇರಲಿ. ಖಿನ್ನತೆ, ತೀವ್ರ ಆತಂಕ ಇದ್ದವರು, ಮಾತ್ರೆ ತೆಗೆದುಕೊಳ್ಳುತ್ತಿರುವವರು ಅರ್ಜಿಯಲ್ಲಿ ಅದನ್ನು ಮುಚ್ಚಿಡಲೇಬಾರದು, ಅವರು ಕೇಳುವುದು ನಿಮ್ಮ ಒಳ್ಳೆಯದಕ್ಕೇ. ಮೊದಲು ವೈದ್ಯರ ಹತ್ತಿರ ಮಾತಾಡಿ.

ಹಟ ಹಿಡಿದು ಕೂರುವವರಿಗೆ ಸೋಣ ಅನ್ನುವ ಭಿಕ್ಷುವಿನ ಕಥೆ. ನಡಿಗೆಯ ಧ್ಯಾನ ಮಾಡಿ ಮಾಡಿ ಅವನ ಪಾದದಿಂದ ರಕ್ತ ಬಂದಿತ್ತು. ಇದು ನನಗಾಗದು, ಮನೆಗೆ ಹೋಗುತ್ತೇನೆ ಅಂದುಕೊಂಡ. ಬುದ್ಧ ಕೇಳಿದ್ದು, ನೀನು ಮನೆಯಲ್ಲಿದ್ದಾಗ ವೀಣೆ ನುಡಿಸುತ್ತಿದ್ದೆಯಲ್ಲ, ತಂತಿ ತುಂಬಾ ಬಿಗಿದರೆ ನಾದ ಬರುತ್ತಿತ್ತಾ? ತುಂಬಾ ಸಡಿಲ ಬಿಟ್ಟರೆ?

ಪ್ರಶ್ನೆ ಕೇಳುವವ, ಹುಬ್ಬಳ್ಳಿ

ನನ್ನದು ನೇರ ಪ್ರಶ್ನೆ. ಆತ್ಮ ಇಲ್ಲ ಅಂತೀರಿ, ಮರುಹುಟ್ಟು ಇದೆ ಅಂತೀರಿ. ಹುಟ್ಟೋದು ಯಾರು? ಇದನ್ನು ಒಪ್ಪಿಕೊಳ್ಳದೆ ಬೌದ್ಧ ಧರ್ಮ ಕಲಿಯೋಕೆ ಆಗುತ್ತಾ? ಎಲ್ಲವನ್ನೂ ಪರೀಕ್ಷಿಸಿ ಒಪ್ಪು ಅಂತ ಕಾಲಾಮ ಸುತ್ತದಲ್ಲಿ ಬುದ್ಧನೇ ಹೇಳಿದ್ದಾನಲ್ಲ. ವಿಷದ ಬಾಣದ ಕಥೆಯಲ್ಲಿ ಇಂಥ ಪ್ರಶ್ನೆಗೆ ಮೌನವಾಗಿದ್ದ ಅಂತಲೂ ಓದಿದ್ದೆ.

ಪಾಲಿ ಓದು, ಮೈಸೂರು

ಒಳ್ಳೆಯ ಪ್ರಶ್ನೆ. ಬಾಣದ ಕಥೆಯನ್ನು ಮಾತ್ರ ಇಲ್ಲಿಗೆ ತರಬೇಡಿ. ಬಾಣ ತಗುಲಿದವನು, ಹೊಡೆದವನ ಜಾತಿ, ಊರು, ಬಿಲ್ಲಿನ ಮರ ತಿಳಿಯುವ ತನಕ ಕೀಳಬೇಡಿ ಅಂದರೆ ಸಾಯುತ್ತಾನೆ, ಹಾಗೆ ಅಂತ ಮಾಲುಂಕ್ಯಪುತ್ತ ಅನ್ನುವ ಭಿಕ್ಷುವಿಗೆ ಹೇಳಿದ್ದು ನಿಜ. ಅಲ್ಲಿ ಬದಿಗಿಟ್ಟಿದ್ದು ಹತ್ತು ಪ್ರಶ್ನೆ: ಲೋಕ ಶಾಶ್ವತವೇ, ಅದಕ್ಕೆ ಕೊನೆಯಿದೆಯೇ, ಜೀವ ದೇಹ ಒಂದೇಯೇ, ಸತ್ತ ಮೇಲೆ ತಥಾಗತ (ಬುದ್ಧ) ಇರುತ್ತಾನೆಯೇ, ಇಂಥವು. ಮರುಹುಟ್ಟು ಆ ಪಟ್ಟಿಯಲ್ಲಿಲ್ಲ. ಅದರ ಬಗ್ಗೆ ನಿಕಾಯಗಳಲ್ಲಿ ಬುದ್ಧ ಮತ್ತೆ ಮತ್ತೆ ಮಾತಾಡಿದ್ದಾನೆ. ಇಲ್ಲ ಅನ್ನುವುದು ಪ್ರಾಮಾಣಿಕ ಓದಲ್ಲ.

ಹುಟ್ಟುವುದು ಯಾರು ಅಂದರೆ, ಒಂದು ದೇಹದಿಂದ ಇನ್ನೊಂದಕ್ಕೆ ಹಾರುವ ಗಟ್ಟಿ ವಸ್ತು ಏನೂ ಇಲ್ಲ ಅಂತಲೇ ಉತ್ತರ. ರೂಪ (ದೇಹ), ವೇದನೆ (ಸುಖ ದುಃಖದ ಅನುಭವ), ಸಂಜ್ಞೆ (ಗುರುತಿಸುವುದು), ಸಂಸ್ಕಾರ (ಮನಸ್ಸಿನ ಒಲವುಗಳು), ವಿಜ್ಞಾನ (ಅರಿವು) ಅನ್ನುವ ಐದು ಸ್ಕಂಧಗಳು, ಅಂದರೆ ಗುಂಪುಗಳು, ಕಾರಣಕ್ಕೆ ತಕ್ಕ ಹಾಗೆ ಹುಟ್ಟುತ್ತ ಅಳಿಯುತ್ತ ಹರಿಯುತ್ತವೆ. ನಿನ್ನೆಯ ಸಿಟ್ಟು ಇವತ್ತಿನ ಮಾತನ್ನು ಹುಟ್ಟಿಸುವುದಕ್ಕೆ ನಡುವೆ ಬದಲಾಗದ ಒಬ್ಬ ಬೇಕಿಲ್ಲ, ಕಾರಣ ಸಾಕು.

ಒಪ್ಪದೆ ಕಲಿಯಬಹುದಾ? ನೀವು ಹೇಳಿದ ಕಾಲಾಮ ಸುತ್ತದ ಕೊನೆಯನ್ನೇ ಓದಿ. ಕೇಸಪುತ್ತ ಅನ್ನುವ ಊರಿನ ಕಾಲಾಮ ಜನರಿಗೆ ಬುದ್ಧ ನಾಲ್ಕು ಭರವಸೆ ಕೊಡುತ್ತಾನೆ. ಮೊದಲ ಎರಡು ಹೀಗಿವೆ: ಪರಲೋಕ, ಕರ್ಮಫಲ ಇದ್ದರೆ ಒಳ್ಳೆಯ ಗತಿ ಸಿಗುತ್ತದೆ. ಇಲ್ಲದಿದ್ದರೂ ಇಲ್ಲೇ, ಈ ಬದುಕಿನಲ್ಲೇ ದ್ವೇಷವಿಲ್ಲದೆ ಸುಖವಾಗಿರುತ್ತೇನೆ. ಅದೇ ಸುತ್ತದಲ್ಲಿ, ಪರೀಕ್ಷಿಸು ಅಂದರೆ ಮನಸ್ಸಿಗೆ ಹಿಡಿಸಿದ್ದನ್ನು ಒಪ್ಪು ಅಂತ ಅಲ್ಲ. ಬರಿಯ ತರ್ಕವನ್ನೂ ನಂಬಬೇಡ ಅನ್ನುತ್ತಾನೆ. ಲೋಭ, ದ್ವೇಷ, ಮೋಹ ಹೆಚ್ಚಿಸುವುದನ್ನು, ತಿಳಿದವರು ಹಳಿಯುವುದನ್ನು ಬಿಡು, ಉಳಿದದ್ದನ್ನು ಹಿಡಿದು ನಡೆ. ಬುದ್ಧ ಪೂರ್ಣಿಮೆಗೆ ವಾಟ್ಸಾಪಿನಲ್ಲಿ ಓಡಾಡುವ ತುಂಡು ಸಾಲಿನಲ್ಲಿ ಈ ಅರ್ಧ ಬಿದ್ದುಹೋಗಿರುತ್ತದೆ.

ಪಿರಿಯಾಪಟ್ಟಣದ ರೈತ

ಮೂರ್ತಿಗಳ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡ್ತೀನಿ. ನಮ್ಮ ಜಮೀನಿನ ಪಕ್ಕವೇ ಟಿಬೆಟನ್ನರ ಕ್ಯಾಂಪು. ನಾವೂ ಅವರೂ ಮುಸುಕಿನ ಜೋಳ ಬೆಳೆಯೋರು. 1961ರಲ್ಲಿ ಕ್ಯಾಂಪು ಶುರುವಾದಾಗ ಇಲ್ಲೆಲ್ಲ ಕಾಡು ಅಂತ ನಮ್ಮಪ್ಪ ಹೇಳೋರು.

ನೀವು ನೋಡಿದ್ದು ನಾಮ್‌ಡ್ರೋಲಿಂಗ್ ಮಠ, 1963ರಲ್ಲಿ ಪೆನೋರ್ ರಿನ್‌ಪೋಚೆ ಶುರು ಮಾಡಿದ್ದು. ನಡುವೆ ಶಾಕ್ಯಮುನಿ ಬುದ್ಧ. ಇನ್ನೊಂದು ಪದ್ಮಸಂಭವ, ಎಂಟನೇ ಶತಮಾನದಲ್ಲಿ ಟಿಬೆಟ್ಟಿಗೆ ಧರ್ಮ ತಗೊಂಡು ಹೋದ ಗುರು. ಮತ್ತೊಂದು ಅಮಿತಾಯುಸ್, ಆಯುಸ್ಸು ಕೊಡೋ ಬುದ್ಧ. ಇವರದು ನ್ಯಿಂಗ್ಮಾ ಪಂಥ. ಅಲ್ಲೇ ಇರೋ ಸೆರಾ ಮಠ ಗೆಲುಗ್ ಪಂಥದ್ದು, ದಲೈ ಲಾಮಾ ಅವರ ಕಡೆಯದು. ಮುಂಡಗೋಡಿನ ಡ್ರೆಪುಂಗ್, ಗಾಂಡೆನ್ ಕೂಡ ಅದೇ.

ಪ್ರವಾಸಿಗಳು ಮೂರ್ತಿ ನೋಡಿ ಫೋಟೋ ತೆಗೆದು ಹೊರಟು ಹೋಗ್ತಾರೆ. ಸೆರಾದಲ್ಲಿ ಸನ್ಯಾಸಿಗಳು ವಾದ ಮಾಡೋದನ್ನ ನೋಡಬೇಕು. ಒಬ್ಬ ನೆಲದ ಮೇಲೆ ಕೂತಿರ್ತಾನೆ, ಇನ್ನೊಬ್ಬ ನಿಂತು ಪ್ರಶ್ನೆ ಹಾಕಿ, ಎಡಗಾಲು ನೆಲಕ್ಕೆ ಅಪ್ಪಳಿಸಿ ಎರಡೂ ಕೈ ಚಟಾರ್ ಅಂತ ತಟ್ತಾನೆ. ಕೂತವನು ತಕ್ಷಣ ಉತ್ತರ ಕೊಡಬೇಕು. ಉತ್ತರ ಹಿಂದಿನ ಮಾತಿಗೆ ಹೊಂದದಿದ್ದರೆ ಸುತ್ತಲಿದ್ದವರೂ ಕೂಗ್ತಾರೆ. ಜಗಳ ಅಂದುಕೋಬೇಕು, ಮುಗಿದ ಮೇಲೆ ನಗ್ತಾ ಹೋಗ್ತಾರೆ. ಓದೋದು ನಾಗಾರ್ಜುನ, ವಸುಬಂಧು, ಧರ್ಮಕೀರ್ತಿ ಬರೆದ ಶಾಸ್ತ್ರಗಳಂತೆ, ಎಲ್ಲಾ ನಮ್ಮ ದೇಶದವರು. ಮಂತ್ರ, ಮಂಡಲದ ದೀಕ್ಷೆಗೆ ಮೊದಲು ಇವರೂ ಶರಣಾಗತಿ, ಶೀಲ, ಕರುಣೆ ಅಂತಲೇ ಶುರು ಮಾಡ್ತಾರೆ. ಅದಕ್ಕೇ ಮೊಬೈಲಲ್ಲಿ ಸಿಕ್ಕ ತಾರಾ ಮಂತ್ರಕ್ಕೆ ಅವಸರ ಬೇಡ ತಾಯಿ, ಅದನ್ನ ಗುರುಗಳ ಹತ್ತಿರವೇ ಕೇಳಿ.

ದಾವಣಗೆರೆ ಓದುಗಿ

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ಕೈಮುಗಿಯುತ್ತೇನೆ. ಸಿಗಾಲನ ಸುತ್ತ ಸಿಕ್ಕಿತು, ಅತ್ತೆಯವರಿಗೆ ಓದಿ ಹೇಳಿದೆ. ಆಳುಕಾಳಿನ ಭಾಗ ಬಂದಾಗ ನಿಲ್ಲಿಸಿ, ಇನ್ನೊಮ್ಮೆ ಓದು ಅಂದರು. "ಕೆಲಸದಾಕೆ ಹುಷಾರಿಲ್ಲದೆ ಬರದಿದ್ದರೆ ಸಂಬಳ 'ಹಿಡೀಬೇಡ' ಅಂತ ನಾನು ಹೇಳೋದೂ ಇದನ್ನೇ" ಅಂದರು. ಪುಸ್ತಕದ ಬಗ್ಗೆ ಇದ್ದ ದಿಗಿಲು ಕಡಿಮೆಯಾಗಿದೆ. ಚಾಡಿ ಬಿಡುವುದನ್ನು ಶುರು ಮಾಡಿದ್ದೇನೆ, ಸ್ಟಾಫ್ ರೂಮಿನಲ್ಲಿ ಬಹಳ ಕಷ್ಟ. ಒಂದು ಸಣ್ಣ ಸಂದೇಹ: ನಮ್ಮ ಮನೆಯಲ್ಲಿ ಹಬ್ಬಕ್ಕೆ ಬಾಡೂಟ ಇರುತ್ತದೆ. ಮೊದಲ ಶೀಲಕ್ಕೆ ಭಂಗವಾ? ಮುಂದೆ ಏನು ಓದಲಿ?

ಪಾಲಿ ಓದು, ಮೈಸೂರು

ಮಾಂಸದ ವಿಷಯದಲ್ಲಿ ಸುತ್ತಗಳು ಹೇಳುವುದು ಇಷ್ಟು. ತನಗಾಗಿ ಕೊಂದದ್ದು ಅಂತ ಕಂಡಿದ್ದರೆ, ಕೇಳಿದ್ದರೆ, ಅನುಮಾನ ಬಂದರೆ ಭಿಕ್ಷು ತಿನ್ನಬಾರದು. ಹಾಗಲ್ಲದಿದ್ದರೆ ಭಿಕ್ಷೆಯಲ್ಲಿ ಬಿದ್ದದ್ದನ್ನು ಉಣ್ಣಬಹುದು. ಭಿಕ್ಷುಗಳಿಗೆ ಮಾಂಸ ಪೂರ್ತಿ ನಿಷೇಧಿಸಿ ಅಂತ ಬುದ್ಧನ ದಾಯಾದಿಯೂ ಭಿಕ್ಷುವೂ ಆಗಿದ್ದ ದೇವದತ್ತ ಕೇಳಿದಾಗ ಬುದ್ಧ ಒಪ್ಪಲಿಲ್ಲ. ಮಹಾಯಾನದ ಕೆಲವು ಸೂತ್ರಗಳು ಮಾಂಸ ಬೇಡವೇ ಬೇಡ ಅನ್ನುತ್ತವೆ. ಉಪಾಸಕರಿಗೆ ಬೇಡ ಅಂದದ್ದು ಐದು ವ್ಯಾಪಾರ: ಆಯುಧ, ಪ್ರಾಣಿ ಮತ್ತು ಮನುಷ್ಯರ ಮಾರಾಟ, ಮಾಂಸ, ಮದ್ಯ, ವಿಷ. ನಿಮ್ಮ ಕೈಯಿಂದ, ನಿಮ್ಮ ಮಾತಿನಿಂದ ಒಂದು ಕೋಳಿ ಸಾಯುವುದನ್ನು ತಪ್ಪಿಸುವುದರಿಂದ ಶುರು ಮಾಡಿ. ಊಟದ ವಿಷಯ ಮನೆಯಲ್ಲಿ ನಿಧಾನಕ್ಕೆ ಇತ್ಯರ್ಥವಾಗಲಿ.

ಓದಲು ಧಮ್ಮಪದ ಪಕ್ಕದಲ್ಲಿರಲಿ. 423 ಗಾಥೆ, ದಿನಕ್ಕೆ ಎರಡೋ ಮೂರೋ ಸಾಕು. ಬೆಂಗಳೂರು ಗಾಂಧಿನಗರದ ಮಹಾಬೋಧಿ ಸೊಸೈಟಿಯಲ್ಲಿ ವಿಚಾರಿಸಿ, ಅದು 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಕಟ್ಟಿದ್ದು, ಕನ್ನಡ ಪುಸ್ತಕಗಳನ್ನೂ ಪ್ರಕಟಿಸಿದ್ದಾರೆ. ಆಮೇಲೆ ಮಜ್ಝಿಮ ನಿಕಾಯದ 152 ಸುತ್ತಗಳಲ್ಲಿ 61ನೆಯದು ಮೊದಲು. ಬುದ್ಧ ತನ್ನ ಮಗ ರಾಹುಲನಿಗೆ ಹೇಳಿದ್ದು. ಕನ್ನಡಿ ಯಾಕೆ ಇರುತ್ತದೆ ಅಂತ ಕೇಳುತ್ತಾನೆ. ನೋಡಿಕೊಳ್ಳಲು ಅನ್ನುತ್ತಾನೆ ಹುಡುಗ. ಹಾಗೆಯೇ ಏನು ಮಾಡುವ ಮೊದಲೂ, ಮಾಡುವಾಗಲೂ, ಮಾಡಿದ ಮೇಲೂ ಇದರಿಂದ ನನಗೆ, ಇತರರಿಗೆ ನೋವಾಗುತ್ತದೆಯೇ ಅಂತ ನೋಡಿಕೋ ಅನ್ನುತ್ತಾನೆ. ಸ್ಟಾಫ್ ರೂಮಿಗೆ ಅದೇ ಸರಿ. 10ನೆಯ ಸತಿಪಟ್ಠಾನ (ಎಚ್ಚರದ ಅಭ್ಯಾಸ), 118ನೆಯ ಆನಾಪಾನಸತಿ (ಉಸಿರಿನ ಗಮನ) ಅದರ ನಂತರ. ತತ್ತ್ವ ವಿಶ್ಲೇಷಣೆಯ ಗ್ರಂಥಗಳಾದ ಅಭಿಧಮ್ಮ ಈಗ ಬೇಡ.